ಇಲೈತಿಯನ ದೋಣಿ, ಕಂಪನಿಯ ಎಂಜಿನ್ನು

ಕಂಪನಿಯ ವಸೂಲಿಯವನು ಟೈ ಕಟ್ಟಿಕೊಂಡು, ಚೀಲ ಹಿಡಿದುಕೊಂಡು, ವೈಲಾಮಿ ಹಳ್ಳಿಯ ನಟ್ಟನಡುವೆ ಬಿಸಿಲಲ್ಲಿ ನಿಂತು ಬೆವರು ಸುರಿಸುತ್ತಿದ್ದ. ಆದರೆ ಹಳ್ಳಿಯವರ ಪ್ರಕಾರ ಅವನು ಇನ್ನೂ ಬಂದೇ ಇರಲಿಲ್ಲ.

"ಇಲೈತಿಯ ಅನ್ನೋರ ಮನೆ ಯಾವುದು?" ಎಂದು ಅವನು ಕೇಳಿದ. ಹೆಸರು ಕಮಲೇಶ. ಫಿಜಿಯ ಸುವಾ ನಗರದಲ್ಲಿ ಹುಟ್ಟಿ ಬೆಳೆದವನು, ನನ್ನ ಹಾಗೆ ಇಂಡಿಯಾ ಮೂಲದವನೇ.

ಊರ ಯಜಮಾನನ ಪರವಾಗಿ ಮಾತಾಡುವ ಮುದುಕನೊಬ್ಬ ಇದ್ದಾನೆ. ಅವನನ್ನು ಎಲ್ಲರೂ ಮಾತುಗಾರ ಎನ್ನುತ್ತಾರೆ. ಅವನು ತುಂಬ ಮರ್ಯಾದೆಯಿಂದ ಹೇಳಿದ: "ಅದನ್ನ ಕೇಳೋಕೆ ಮುಂಚೆ ನೀವು ಬರಬೇಕಲ್ಲ ಸಾಹೇಬ್ರೇ."

"ಬಂದಿದೀನಲ್ರೀ! ಕಾಣ್ತಿಲ್ವಾ?"

"ಕಾಣ್ತಾ ಇದೀರಿ. ಬಂದಿಲ್ಲ."

ನಾನು ಮೈದಾಹಿಟ್ಟಿನ ಮೂಟೆ ಇಳಿಸುತ್ತ ಪಕ್ಕದಲ್ಲೇ ಇದ್ದೆ. ನಗು ತಡೆಯಲಾರದೆ ಮೂಟೆಯ ಹಿಂದೆ ಮುಖ ಮುಚ್ಚಿಕೊಂಡೆ. ಯಂಗೋನಾ ಬೇರಿನ ಕಟ್ಟೊಂದನ್ನು ಯಜಮಾನನ ಮುಂದಿಟ್ಟು, ಕೈ ತಟ್ಟಿ, ಅವರು ಸ್ವೀಕರಿಸಿದ ಮೇಲೆಯೇ ಹೊರಗಿನವನು ಊರಿಗೆ ಬಂದಂತೆ. ಅಲ್ಲಿಯವರೆಗೆ ಅವನು ಗಾಳಿಗೆ ಸಮ. ಗಾಳಿ ಬಂದು ಬಾಕಿ ಕೇಳಿದರೆ ಯಾರು ಕೊಡುತ್ತಾರೆ?

ಕೊನೆಗೆ ಕಮಲೇಶ ದಂಡೆಯ ಮೇಲಿರುವ ನನ್ನ ಅಂಗಡಿಗೇ ಬಂದು ಬೇರು ಕೊಂಡ. ಅತ್ಯಂತ ದುಬಾರಿ ಕಟ್ಟನ್ನೇ ಕೊಟ್ಟೆ. ನಮ್ಮ ಮುತ್ತಜ್ಜ ಮದರಾಸಿನಿಂದ ಹಡಗು ಹತ್ತಿ ಫಿಜಿಗೆ ಬಂದದ್ದು ಕಬ್ಬು ಕಡಿಯಲು. ನಾವು ಈ ಅಂಗಡಿವರೆಗೆ ಬಂದದ್ದು ಧರ್ಮ ಮಾಡಿ ಅಲ್ಲ.

ಬೇರು ಇಟ್ಟ ಮೇಲೆ ಅವನು ಅಧಿಕೃತವಾಗಿ ಬಂದ. ಬಂದದ್ದೇ ತಪ್ಪಾಯಿತು. ಮಾತುಗಾರ ಅವನ ಪೂರ್ವಜರನ್ನೆಲ್ಲ ಹೊಗಳಿ ಉದ್ದ ಭಾಷಣ ಮಾಡಿದ. ಬೇರು ಕುಟ್ಟಿದರು, ಮರದ ಬಟ್ಟಲಲ್ಲಿ ನೀರು ಹಾಕಿ ಕಲಸಿದರು, ತೆಂಗಿನ ಚಿಪ್ಪಿನ ಮೇಲೆ ಚಿಪ್ಪು ಕುಡಿಸಿದರು. ಅವನು ಚೀಲಕ್ಕೆ ಕೈ ಹಾಕಿದಾಗಲೆಲ್ಲ, "ಬಟ್ಟಲು ಖಾಲಿಯಾಗ್ಲಿ ಸಾಹೇಬ್ರೇ, ವ್ಯವಹಾರ ಆಮೇಲೆ" ಎನ್ನುತ್ತಿದ್ದರು. ಬಟ್ಟಲು ಖಾಲಿಯಾಗುವ ಮುಂಚೆ ಇನ್ನೊಂದು ಕೊಡ ನೀರು ಬೀಳುತ್ತಿತ್ತು. ಸಂಜೆಗೆ ಅವನ ನಾಲಿಗೆ ಮರಗಟ್ಟಿ, "ಕಂತು" ಎನ್ನಲು ಹೋದರೆ "ಹಂಹು" ಎಂದು ಬರುತ್ತಿತ್ತು. ಅವನನ್ನು ಕೊಲ್ಲಿಯಾಚೆಯ ಸವುಸವು ಪೇಟೆಗೆ ಮುಟ್ಟಿಸಿದವನು ಸಾಕ್ಷಾತ್ ಇಲೈತಿಯನೇ. ಯಾವ ಎಂಜಿನ್ನನ್ನು ಜಪ್ತಿ ಮಾಡಲು ಕಮಲೇಶ ಬಂದಿದ್ದನೋ ಅದೇ ಎಂಜಿನ್ನಿನ ದೋಣಿಯಲ್ಲಿ! ಕಮಲೇಶ ಇಳಿಯುವಾಗ ಇಲೈತಿಯ ಬಾಡಿಗೆ ಕೇಳಿ ಇಸಿದುಕೊಂಡ. ಇಸಿದುಕೊಂಡ ದುಡ್ಡನ್ನು ಅಲ್ಲೇ ಅವನ ಕೈಗೆ ವಾಪಸ್ ಇಟ್ಟು ಹೇಳಿದನಂತೆ: "ತಗೊಳ್ಳಿ, ಈ ತಿಂಗಳ ಕಂತು."

ಇಲೈತಿಯ ಮೋಸಗಾರ ಎಂದುಕೊಂಡರೆ ನಿಮಗೆ ಅವನು ಗೊತ್ತಿಲ್ಲ. ಬಾಗಿಲು ತುಂಬುವಂಥ ಆಳು. ಮುಂದಿನ ಒಂದು ಹಲ್ಲು ರಗ್ಬಿಯಲ್ಲಿ ಹೋಗಿತ್ತು. ಆ ಸಂದಿಯಿಂದಲೇ ನಗು ಮೊದಲು ಹೊರಗೆ ಬರುತ್ತಿತ್ತು. ಚಿಕ್ಕವನಿದ್ದಾಗಿನಿಂದ ಕೊಬ್ಬರಿ ಗಿರಣಿಯಲ್ಲಿ ದುಡಿದು, ಮದುವೆಯಾದ ಮೇಲೆ ಹಳೆಯ ದೋಣಿಯೊಂದನ್ನು ಕೊಂಡ. ಅದಕ್ಕೆ ಹೊಸ ಎಂಜಿನ್ನು ಹಾಕಲು ಪೇಟೆಯ ಸಾಲದ ಕಂಪನಿಗೆ ಕೈ ಚಾಚಿದ. ಮೊದಮೊದಲು ಕಂತು ಸರಿಯಾಗಿಯೇ ಕಟ್ಟಿದ. ದೋಣಿಯಲ್ಲಿ ಬೆಳಿಗ್ಗೆ ಮಕ್ಕಳು ಆಚೆ ದಡದ ಶಾಲೆಗೆ ಹೋಗುತ್ತಿದ್ದರು. ಊರ ಮಕ್ಕಳ ಹತ್ತಿರ ಬಾಡಿಗೆ ಕೇಳುವುದುಂಟೇ? ಹೆಂಗಸರು ಸಂತೆಗೆ ಹೋಗುತ್ತಿದ್ದರು. ಅವರು ಕೊಡುತ್ತಿದ್ದದ್ದು ಕೆಸುವಿನ ಗೆಡ್ಡೆ. ಕಂಪನಿ ಗೆಡ್ಡೆ ತೆಗೆದುಕೊಳ್ಳುವುದಿಲ್ಲ. ನನ್ನ ಮೂಟೆಗಳ ಬಾಡಿಗೆ ನನ್ನ ಅಂಗಡಿಯಲ್ಲಿದ್ದ ಅವನ ಸಾಲಕ್ಕೇ ವಜಾ ಆಗುತ್ತಿತ್ತು. ಉಳಿದದ್ದು ಮೀನು.

ಮೀನು ದಡಕ್ಕೆ ಬರುವುದೇ ತಡ, ಕೆರೆಕೆರೆ ಶುರು. ನೆಂಟನೊಬ್ಬ ಬಂದು "ಕೆರೆಕೆರೆ, ಎರಡು ಮೀನು" ಎಂದರೆ ಇಲ್ಲ ಎನ್ನುವಂತಿಲ್ಲ, ವಾಪಸ್ ಯಾವಾಗ ಎಂದು ಕೇಳುವಂತಿಲ್ಲ. ಊರಿನವರೆಲ್ಲ ನೆಂಟರೇ. ಈ ಕೆರೆಕೆರೆಗೆ ಏರಿಯಿಲ್ಲ, ತೂಬು ಮಾತ್ರ ಇದೆ. ಸಾಲದ್ದಕ್ಕೆ ಅವನ ಅತ್ತೆ ತೀರಿಕೊಂಡಳು. ಆ ಸಾವಿನೂಟಕ್ಕೆ ಕಡಿದ ಎತ್ತು ಕಂಪನಿಯ ಮೂರು ಕಂತನ್ನು ತಿಂದಿತು. ಎತ್ತನ್ನು ನಾವೆಲ್ಲ ತಿಂದೆವು. ನಾನು ದನ ತಿನ್ನುವವನಲ್ಲ, ಪಲ್ಯ ತಿಂದೆ.

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಗಾದೆ ಇದೆ ಕಣಯ್ಯಾ" ಎಂದು ಒಮ್ಮೆ ನಾನು ರೇಗಿದೆ. "ನೀನು ಎರಡು ಕಡೆಯಿಂದಲೂ ಕೋಡಂಗಿ."

"ಮುನ್ಸಾಮಣ್ಣ, ಇಲ್ಲ ಅನ್ನೋದು ನಂಗೆ ಬಾಯಿಗೇ ಬರಲ್ಲ" ಎಂದು ನಕ್ಕ. "ನಿಮಗೆ ಬರುತ್ತಲ್ಲ, ಕಲಿಸಿಕೊಡಿ. ಅಂದಹಾಗೆ ಎಂಜಿನ್ನಿಗೆ ಎರಡು ಡಬ್ಬ ಸೀಮೆಎಣ್ಣೆ ಬೇಕಿತ್ತು."

"ಇಲ್ಲ" ಎಂದೆ, ಕಲಿಸುವುದಕ್ಕಾಗಿ. ಆಮೇಲೆ ಕೊಟ್ಟೆ. ಕೊಡದೆ ಏನು ಮಾಡಲಿ? ಎಂಜಿನ್ನು ನಿಂತರೆ ನನ್ನ ಹಿಟ್ಟು, ಸಕ್ಕರೆ ಯಾವುದೂ ಕೊಲ್ಲಿ ದಾಟುವುದಿಲ್ಲ. ಅವನು ಮುಳುಗಿದರೆ ನನ್ನ ಬಾಕಿಯೂ ಅವನ ಜೊತೆಗೇ ಮುಳುಗುತ್ತದೆ. ಕೊಟ್ಟ ಸಾಲ ಉಳಿಸಿಕೊಳ್ಳಲು ಮತ್ತೆ ಸಾಲ ಕೊಡುವ ಗತಿ ನನ್ನ ಶತ್ರುವಿಗೂ ಬೇಡ.

ಕಮಲೇಶ ಸೋತ ಮೇಲೆ ಕಂಪನಿ ಪೆನಿಯಾಸಿಯನ್ನು ಕಳಿಸಿತು. ಇವನು ಈ ಮಣ್ಣಿನವನೇ. ಆಫೀಸಿನವರು ಉಡುವ ಬೂದು ಬಣ್ಣದ ಸುಲು ಪಂಚೆ, ಕೆಂಪು ಗೆರೆಯ ಟೈ, ಥಳಥಳಿಸುವ ಚಪ್ಪಲಿ. ಬೇರಿನ ಕಟ್ಟು ಮನೆಯಿಂದಲೇ ತಂದಿದ್ದ. ಮಾತುಗಾರನ ಭಾಷಣಕ್ಕೆ ಅಷ್ಟೇ ಚೆಂದದ ಭಾಷಣ ತಿರುಗಿಸಿ ಕೊಟ್ಟ. ಒಂದೇ ಒಂದು ಚಿಪ್ಪು ಕುಡಿದು, ಅದನ್ನು ಬೋರಲು ಹಾಕಿದ.

"ಹೊಟ್ಟೆ ಹುಣ್ಣು. ಡಾಕ್ಟ್ರು ಬೇಡ ಅಂದಿದಾರೆ" ಎಂದ. "ಈಗ ಎಂಜಿನ್ ಬಿಚ್ಚಿ."

ಇಲೈತಿಯನ ಹೆಂಡತಿ ವಸಿತಿ ಬಾಗಿಲ ಬಳಿ ಕೂತಿದ್ದಳು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿ ಮಗಳು ಮಿರಿಯಾಮಾ. "ಎಂಜಿನ್ ಹೋದ್ರೆ ನಾವೇನು ಮಣ್ಣು ತಿನ್ನೋದಾ?" ಎಂದು ವಸಿತಿ ಮೆಲ್ಲಗೆ ಕೇಳಿದಳು. ಪೆನಿಯಾಸಿ ನೆಲ ನೋಡಿದ. ಕೆಟ್ಟವನಲ್ಲ, ಸಂಬಳಕ್ಕೆ ಬಂದವನು. ಅವನ ಮುಖ ನೋಡಿ ನನಗೆ ಸಿಟ್ಟು ಮಾಡಲೂ ಆಗಲಿಲ್ಲ.

ಇಲೈತಿಯ ಸ್ಪಾನರ್ ಹಿಡಿದು ಎದ್ದ. ಎದ್ದವನು, ಅತಿಥಿಯ ಹತ್ತಿರ ಏನಾದರೂ ಮಾತಾಡಬೇಕಲ್ಲ ಎಂದು, ಎಲ್ಲರೂ ಕೇಳುವ ಮಾತನ್ನೇ ಕೇಳಿದ: "ಯಾವೂರಾಯ್ತಪ್ಪ ನಿಂದು?"

ಪೆನಿಯಾಸಿ ಯೋಚಿಸದೆ ಹೇಳಿಬಿಟ್ಟ: "ನಾಸಿಂಗಾ."

ಚಾಪೆಯ ಮೇಲಿದ್ದವರೆಲ್ಲ ಅವನ ಕಡೆ ತಿರುಗಿದರು. ಆಮೇಲೆ ಮಾತುಗಾರ ಮುದುಕ ಎರಡೂ ಕೈ ಮೇಲೆತ್ತಿ, ಸೂರು ಹಾರುವಂತೆ ಕೂಗಿದ: "ತೌವು!"

ವೈಲಾಮಿ, ನಾಸಿಂಗಾ ಎರಡೂ ಊರಿಗೆ ಮೂಲದೈವ ಒಂದೇ ಅಂತೆ. ಹಾಗಾಗಿ ಆ ಎರಡು ಊರಿನವರು ಒಬ್ಬರಿಗೊಬ್ಬರು ತೌವು. ತೌವು ತೌವನ್ನು ಬಾಯಿಗೆ ಬಂದಂತೆ ಬೈಯಬಹುದು, ಅವನ ಮೈಮೇಲಿರುವುದನ್ನೂ ಮನೆಯಲ್ಲಿರುವುದನ್ನೂ ಕೇಳದೆ ಎತ್ತಿಕೊಂಡು ಹೋಗಬಹುದು. ಸಿಟ್ಟು ಬಂದವನ ಮಾನ ಹೋಯಿತು. ನಗಲೇಬೇಕು.

"ಲೋ ನಾಸಿಂಗಾ ಬಾವಲಿ!" ಎಂದು ಇಲೈತಿಯ ಸ್ಪಾನರ್ ಎಸೆದು ಅವನ ಮೇಲೆ ಬಿದ್ದ. "ಹಣ್ಣು ಕದಿಯೋಕೆ ಬಂದ್ಯಾ? ನಿಮ್ಮಪ್ಪ ಟೈ ಕಟ್ಟಿದ್ನೇನೋ?" ಟೈ ಕಿತ್ತು ತನ್ನ ಕುತ್ತಿಗೆಗೆ ಹಾಕಿಕೊಂಡ. ಚಪ್ಪಲಿ ಮಾತುಗಾರನ ಕಾಲಿಗೆ ಹೋಯಿತು, ಬುತ್ತಿಯ ರೊಟ್ಟಿ ಮಕ್ಕಳ ಬಾಯಿಗೆ. ಹೆಂಗಸರು ಅವನ ತಲೆಯ ಮೇಲೆ ಡಬ್ಬಗಟ್ಟಲೆ ಪೌಡರ್ ಸುರಿದರು. ಎಲ್ಲ ನನ್ನ ಅಂಗಡಿಯ ಪೌಡರೇ, ಎಲ್ಲವೂ ಸಾಲದ್ದೇ. ಪೆನಿಯಾಸಿಯ ಕಿವಿ ಕೆಂಪಾಗಿತ್ತು, ಆದರೂ ಹಲ್ಲು ಕಿರಿಯುತ್ತಿದ್ದ. ಕಂಪನಿಯ ಕೆಲಸ ಮಣ್ಣುಪಾಲಾಯಿತು ಎಂದುಕೊಂಡು ನಾನು ಹಿಗ್ಗಿದೆ.

ಗದ್ದಲ ಸ್ವಲ್ಪ ಇಳಿದಾಗ ಪೆನಿಯಾಸಿ ಕಣ್ಣಿನ ಪೌಡರ್ ಒರೆಸಿಕೊಂಡು ಎದ್ದು ನಿಂತ.

"ಆಯ್ತೇನ್ರೋ ಏಡಿಗಳಾ? ಎಲ್ಲಾ ತಗೊಂಡ್ರಾ? ಈಗ ನನ್ ಸರದಿ" ಎಂದ. "ನಾನು ಆ ಎಂಜಿನ್ ತಗೊಂಡ್ ಹೋಗ್ತೀನಿ. ಕಂಪನಿ ಪರವಾಗಿ ಅಲ್ಲ. ನಾಸಿಂಗಾ ಪರವಾಗಿ."

ಇವರು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರಿದ್ದ. ಕಂಪನಿಯವನಾದರೆ ಇನ್ನೊಂದು ಬಟ್ಟಲು ಕಲಸಬಹುದಿತ್ತು. ತೌವುವಿಗೆ ಏನು ಹೇಳುವುದು? ಊರಿಗೆ ಊರೇ ಚಪ್ಪಾಳೆ ತಟ್ಟಿ ನಗಬೇಕಾಯಿತು. ಇಲೈತಿಯ ತಾನೇ ಎಂಜಿನ್ನು ಬಿಚ್ಚಿ, ಪೆನಿಯಾಸಿಯ ಬಾಡಿಗೆ ದೋಣಿಗೆ ಹೊತ್ತು ಹಾಕಿ, ಹಲ್ಲಿಲ್ಲದ ಸಂದಿಯಿಂದ ನಕ್ಕ. ವಸಿತಿಯೂ ನಕ್ಕಳು. ನಗುತ್ತಲೇ ಸೆರಗಿಲ್ಲದ ಹೆಗಲಿಗೆ ಕಣ್ಣೊರೆಸಿಕೊಂಡಳು.

ಆ ವಾರ ಮಕ್ಕಳು ಹುಟ್ಟು ಹಾಕಿಕೊಂಡು ಶಾಲೆಗೆ ಹೋಗಿ, ಮಧ್ಯಾಹ್ನದ ಗಂಟೆಗೆ ಮುಟ್ಟಿದರು. ನನ್ನ ಹಿಟ್ಟಿನ ಮೂಟೆಗೆ ಅಲೆ ಹೊಡೆದು, ಕೊಲ್ಲಿಯ ಮಧ್ಯದಲ್ಲೇ ಕಣಕವಾಯಿತು. ನಾನು ಹೋಗಿ ಬೊಬ್ಬೆ ಹೊಡೆದೆ.

"ಅಣ್ಣ, ಕಂಪನಿಯವರು ತಗೊಂಡು ಹೋಗಿದ್ರೆ ನಾನು ಅಳ್ತಿದ್ದೆ" ಎಂದ ಇಲೈತಿಯ. "ತಗೊಂಡು ಹೋಗಿರೋದು ತೌವು. ತೌವು ಹತ್ರ ಹೋಗೋಕೆ ನಂಗೇನು ಸಂಕೋಚ? ಬನ್ನಿ, ಪೇಟೆಗೆ ಹೋಗಿ ಬರೋಣ."

ಕಂಪನಿಯ ಆಫೀಸು ಬೇಕರಿಯ ಮಹಡಿಯ ಮೇಲೆ. ಒಳಗೆ ಮ್ಯಾನೇಜರಮ್ಮನ ಮೇಜಿನ ಪಕ್ಕ, ಹರಾಜಿಗೆ ಬೆಲೆಚೀಟಿ ಕಟ್ಟಿಸಿಕೊಂಡು ನಮ್ಮ ಎಂಜಿನ್ನು ನಿಂತಿತ್ತು. ಇಲೈತಿಯ ಪೆನಿಯಾಸಿಯ ಟೈಯನ್ನೇ ಕಟ್ಟಿಕೊಂಡು ಬಂದಿದ್ದ. ನೆಲದ ಮೇಲೆ ಕೂತು, ಪೆನಿಯಾಸಿಯ ಮುಂದೆ ಬೇರಿನ ಕಟ್ಟಿಟ್ಟು, ಕೈ ತಟ್ಟಿ, ಎದ್ದು ಎಂಜಿನ್ನನ್ನು ಹೆಗಲಿಗೇರಿಸಿದ.

"ಏಯ್! ಏನ್ ಮಾಡ್ತಿದೀಯ?" ಮ್ಯಾನೇಜರಮ್ಮ ಕುರ್ಚಿಯಿಂದ ಜಿಗಿದಳು.

"ತಗೊಂಡು ಹೋಗ್ತಿದೀನಿ ಅಮ್ಮ."

"ಯಾರನ್ನ ಕೇಳಿ?"

"ಕೇಳಿದ್ರೆ ಅದು ತೌವು ಆಗಲ್ಲ ಅಮ್ಮ. ಕೆರೆಕೆರೆ ಆಗುತ್ತೆ."

ಅವಳು ಪೊಲೀಸಿನವನನ್ನು ಕರೆಸಿದಳು. ಅವನು ಬಂದು, ಟೊಪ್ಪಿ ತೆಗೆದು, ಎಲ್ಲ ಕೇಳಿಸಿಕೊಂಡು, ಪೆನಿಯಾಸಿಯ ಕಡೆ ತಿರುಗಿದ.

"ನಿನ್ ಹತ್ರ ಇದ್ದ ಎಂಜಿನ್ನ ಕದ್ದನೇನಯ್ಯ?"

"ಕದಿಯೋಕೆ ಆಗಲ್ಲ ಸಾರ್. ಅವನು ನಂಗೆ ತೌವು."

"ಒಯ್ಯೋವಾಗ ನಗ್ತಾ ಇದ್ನಾ?"

"ನಗ್ತಾ ಇದ್ದ ಸಾರ್."

"ನೀನು?"

ಪೆನಿಯಾಸಿ ಮ್ಯಾನೇಜರಮ್ಮನ ಮುಖ ನೋಡಿ, ಕತ್ತು ಕೆರೆದುಕೊಂಡು ಹೇಳಿದ: "ನಾನೂ ಸ್ವಲ್ಪ ನಕ್ಕೆ ಸಾರ್."

"ಮತ್ತೆ ಇದರಲ್ಲಿ ನಂಗೇನಮ್ಮ ಕೆಲಸ?" ಎಂದು ಪೊಲೀಸಿನವನು ಟೊಪ್ಪಿ ಹಾಕಿಕೊಂಡು, ಕೆಳಗೆ ಬೇಕರಿಯಲ್ಲಿ ಬನ್ನು ತೆಗೆದುಕೊಂಡು ಹೋದ.

ಅಲ್ಲಿಂದ ಶುರುವಾಯಿತು ನೋಡಿ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಪೆನಿಯಾಸಿ ಬಂದು, ನಾಲ್ಕು ಬೈಗುಳ ಬೈದು ಎಂಜಿನ್ನು ಒಯ್ಯುತ್ತಿದ್ದ. ಸೋಮವಾರ ಶಾಲೆಯ ಹೊತ್ತಿಗೆ ಮುಂಚೆ ಇಲೈತಿಯ ಹೋಗಿ, ಎಂಟು ಬೈಗುಳ ಬೈದು ವಾಪಸ್ ತರುತ್ತಿದ್ದ. ಮಕ್ಕಳಿಗೂ ತೊಂದರೆಯಿಲ್ಲ, ನನ್ನ ಹಿಟ್ಟಿಗೂ ಇಲ್ಲ. ಕಂಪನಿಯ ಲೆಕ್ಕದಲ್ಲಿ ಮಾತ್ರ ಎಂಜಿನ್ನು ವಾರವಾರವೂ ವಸೂಲಾಗುತ್ತಿತ್ತು, ವಾರವಾರವೂ ಮಾಯವಾಗುತ್ತಿತ್ತು. ನಿಂತಲ್ಲಿ ನಿಲ್ಲದ ವಸ್ತುವನ್ನು ಹರಾಜು ಹಾಕುವುದು ಹೇಗೆ? ಮ್ಯಾನೇಜರಮ್ಮನಿಗೆ ಅತ್ತ ದರಿ, ಇತ್ತ ಪುಲಿ. ಪೆನಿಯಾಸಿಯನ್ನು ಕೆಲಸದಿಂದ ತೆಗೆಯೋಣವೆಂದರೆ, ಆಮೇಲೆ ಶುಕ್ರವಾರ ತರುವವರೂ ಇಲ್ಲ.

ಕೊನೆಗೆ ಪೆನಿಯಾಸಿಯನ್ನು ಕರೆದುಕೊಂಡು ಅವಳೇ ಹೊರಟು ಬಂದಳು. ಜಾಣೆ. ಮೊದಲು ನನ್ನ ಅಂಗಡಿಗೆ ಬಂದು ಬೇರು ಕೊಂಡಳು, ಚೌಕಾಸಿಯನ್ನೂ ಮಾಡಿದಳು. ಪದ್ಧತಿ ಪ್ರಕಾರ ಊರಿಗೆ ಬಂದು, ಚಾಪೆಯ ಮೇಲೆ ಕೂತು ಇಲೈತಿಯನನ್ನು ನೇರವಾಗಿ ಕೇಳಿದಳು.

"ಬಡ್ಡಿ ನಿಲ್ಲಿಸ್ತೀನಿ. ಕಂತು ಸಣ್ಣದು ಮಾಡ್ತೀನಿ. ವಾರಕ್ಕೆ ಎಷ್ಟು ಕೊಡ್ತೀಯ ಹೇಳು."

"ಉಳಿದಿದ್ದೆಲ್ಲ ಕೊಡ್ತೀನಿ ಅಮ್ಮ."

"ಎಷ್ಟು ಉಳಿಯುತ್ತೆ?"

"ಏನೂ ಉಳಿಯಲ್ಲ."

ಮ್ಯಾನೇಜರಮ್ಮ ತಲೆ ಹಿಡಿದುಕೊಂಡಳು. ಆಗ ವಸಿತಿ ಬಾಯಿ ಬಿಟ್ಟಳು. ಗಂಡಸರ ಸಾಲಿನಲ್ಲಿ ಅವಳು ಮಾತಾಡಿದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

"ಇವನ ಕೈಗೆ ಬಂದ್ರೆ ಉಳಿಯಲ್ಲ ಅಮ್ಮ. ಯಾರಾದ್ರೂ ಕೇಳ್ತಾರೆ, ಇವನು ಕೊಡ್ತಾನೆ. ಆದ್ರೆ ತೌವು ಎತ್ಕೊಂಡು ಹೋಗಿದ್ದನ್ನ ಯಾರೂ ಕೇಳೋ ಹಾಗಿಲ್ಲ." ಪೆನಿಯಾಸಿಯ ಕಡೆ ಬೆರಳು ಮಾಡಿದಳು. "ಶುಕ್ರವಾರ ದೋಣಿ ದಡಕ್ಕೆ ಬರೋ ಹೊತ್ತಿಗೆ ಈ ಬಾವಲಿ ಇಲ್ಲಿರ್ಲಿ. ನೆಂಟರು ಬಾಯಿ ಬಿಡೋಕೆ ಮುಂಚೆ ಒಂದು ಬುಟ್ಟಿ ಮೀನು ಕಿತ್ಕೊಳ್ಳಲಿ. ಸಂತೇಲಿ ಮಾರಿ ಕಂತಿಗೆ ಹಾಕಲಿ."

ಚಾಪೆಯ ಮೇಲಿದ್ದ ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮೀನು ಅವರ ಕಣ್ಣೆದುರೇ ಹೋಗುತ್ತಿತ್ತು. ಆದರೆ ಬಾಯಿ ಬಿಟ್ಟು ಏನೆನ್ನುವುದು? ತೌವು ಅಡ್ಡ ಬಂದರೆ ಕೆರೆಕೆರೆ ಹಿಂದೆ ಸರಿಯಬೇಕು. ಮಾತುಗಾರ ಗಂಟಲು ಸರಿಮಾಡಿಕೊಂಡು, ನಿರ್ವಾಹವಿಲ್ಲದೆ ಕೈ ತಟ್ಟಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಹಾಗೆ ಪೆನಿಯಾಸಿ ವರ್ಷಗಟ್ಟಲೆ ಮೀನು ಕಿತ್ತುಕೊಂಡ, ತೌವು ಆಟಕ್ಕೆಂದು ಎಂಜಿನ್ನನ್ನೂ ಒಯ್ಯುತ್ತಲೇ ಇದ್ದ. ಆಫೀಸಿನ ಪಂಚೆಗೆ ಮೀನಿನ ವಾಸನೆ ಹತ್ತಿ ಮ್ಯಾನೇಜರಮ್ಮ ಅವನನ್ನು ಕಿಟಕಿಯ ಪಕ್ಕ ಕೂರಿಸಿದಳಂತೆ. ಬುಟ್ಟಿಗೆ ಕೈ ಹಾಕುವ ಮುಂಚೆ ಅವನು "ಕಳ್ಳ ಏಡಿ, ಎಲ್ಲೋ ದೊಡ್ಡ ಮೀನು ಬಚ್ಚಿಟ್ಟಿದೀಯ?" ಎನ್ನಬೇಕು, ಇಲೈತಿಯ "ನಿಮ್ಮೂರಲ್ಲಿ ಮೀನು ಅಂದ್ರೆ ಕಪ್ಪೆಮರಿ ತಾನೇ?" ಎನ್ನಬೇಕು. ಸಾಲ ತೀರಿತು. ತೀರಿದ್ದು ನಮಗೆಲ್ಲ ಗೊತ್ತಾದದ್ದು ತಿಂಗಳಾದ ಮೇಲೆ. ಯಾಕೆಂದರೆ ಪೆನಿಯಾಸಿ ಶುಕ್ರವಾರ ಬರುವುದನ್ನು ನಿಲ್ಲಿಸಿರಲಿಲ್ಲ, ಎಂಜಿನ್ನು ಒಯ್ಯುವುದನ್ನೂ ನಿಲ್ಲಿಸಿರಲಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೂ ಬಂದ. ಕಿತ್ತುಕೊಂಡ ಟೈಯನ್ನು ಇಲೈತಿಯ ಪ್ರತಿ ಭಾನುವಾರ ಇಗರ್ಜಿಗೆ ಕಟ್ಟಿಕೊಂಡು ಹೋದ. ನನ್ನ ಬಾಕಿ ಮಾತ್ರ ಹಾಗೆಯೇ ನಿಂತಿತು. ನಾನು ಯಾರಿಗೂ ತೌವು ಅಲ್ಲ. ಅದೊಂದು ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಇದೆ.

ಹೋದ ವರ್ಷ ಇಲೈತಿಯ ಬಲೆ ಒಣಹಾಕುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಮಣ್ಣು ಮಾಡುವ ದಿನ ಪೆಟ್ಟಿಗೆಯಲ್ಲಿ ಅವನು ಬಿಳಿ ಅಂಗಿ, ಕೆಂಪು ಗೆರೆಯ ಟೈಯಲ್ಲಿ ಮಲಗಿದ್ದ. ಪಾದ್ರಿ ಪ್ರಾರ್ಥನೆ ಮುಗಿಸಿ, ಗಂಡಸರು ಪೆಟ್ಟಿಗೆ ಎತ್ತಬೇಕು, ಅಷ್ಟರಲ್ಲಿ ಪೆನಿಯಾಸಿ ಗುಂಪು ಸೀಳಿಕೊಂಡು ಬಂದ. ಕೂದಲು ನೆರೆತಿತ್ತು. ಅದೇ ಬೂದು ಪಂಚೆ. ಬಂದವನೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

"ಎತ್ತಬೇಡಿ! ಇವನು ಸಾಲಗಾರ!" ಎಂದು ಕೂಗಿದ. "ನನ್ ಟೈ ಕೊಡೋವರೆಗೂ ಒಳಗೆ ಬಿಡಲ್ಲ. ಲೋ ಏಡಿ, ಏಳೋ ಮೇಲೆ! ಟೈ ಜೊತೆ ಓಡಿ ಹೋಗ್ತಿದೀಯೇನೋ?"

ಸಾವಿನ ಮನೆಯಲ್ಲಿ ನಗಿಸುವುದು ತೌವುವಿನ ಹಕ್ಕು, ಅದೇ ಅವನ ಕರ್ತವ್ಯ ಕೂಡ. ಅಳುತ್ತಿದ್ದವರೆಲ್ಲ ನಕ್ಕರು. ವಸಿತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನನ್ನು ಎಬ್ಬಿಸಲು ಕಾಣಿಕೆಯಾಗಿ ಚಾಪೆ ಕೊಟ್ಟರು, ಬೇರು ಕೊಟ್ಟರು. ಯಾವುದೂ ಬೇಡ ಎಂದ. "ಎಂಜಿನ್ ಕೊಡಿ, ಏಳ್ತೀನಿ."

ಆ ಎಂಜಿನ್ನನ್ನು ಈಗ ನಡೆಸುತ್ತಿದ್ದವಳು ಮಿರಿಯಾಮಾ. ಶಾಲೆಗೆ ಹೋಗುತ್ತಿದ್ದ ಹುಡುಗಿ ಈಗ ಶಾಲೆಯ ಮಕ್ಕಳನ್ನು ದಾಟಿಸುತ್ತಾಳೆ. ಅವಳ ಎರಡು ಮಕ್ಕಳ ಅನ್ನವೂ ಅದೇ. ಅವಳು ತಲೆಯಾಡಿಸಿದಳು. ಪೆನಿಯಾಸಿ ಎದ್ದ, ಇಲೈತಿಯ ಮಣ್ಣಿಗಿಳಿದ.

ಆಮೇಲೆ ಪೆನಿಯಾಸಿ ಏದುಸಿರು ಬಿಡುತ್ತ ಎಂಜಿನ್ನು ಬಿಚ್ಚಿ ಹೆಗಲಿಗೇರಿಸಿಕೊಂಡು ದಡಕ್ಕೆ ಹೋದ. ನಾವು ಹಿಂದೆ ಹೋದೆವು. ಅವನ ದೋಣಿ ಕಾಯುತ್ತಿತ್ತು, ಅವನು ಹತ್ತಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತೇ ಇದ್ದ. ಎಂಜಿನ್ನಿನ ಭಾರಕ್ಕೆ ಹೆಗಲು ನಡುಗುತ್ತಿತ್ತು. ಯಾರೋ ಹಿಡಿಯಲು ಹೋದರೆ ಕೊಡಲಿಲ್ಲ.

"ಇದನ್ನ ತಗೊಂಡ್ ಹೋಗಿಬಿಟ್ರೆ..." ಎಂದ. "ಸೋಮವಾರ ಯಾರ್ ಬರ್ತಾರೆ, ನನ್ನ ಬೈದು ಕಿತ್ಕೊಂಡು ಹೋಗೋಕೆ?"

ತೌವು ಅಳಬಾರದು. ಅವನು ಅತ್ತ. ನನ್ನ ಕಣ್ಣೂ ನಿಲ್ಲಲಿಲ್ಲ, ನಾನು ಯಾರಿಗೂ ಏನೂ ಅಲ್ಲದವನು.

ಮಿರಿಯಾಮಾ ಲಂಗ ಎತ್ತಿ ಕಟ್ಟಿ ನೀರಿಗಿಳಿದಳು. ಅಪ್ಪನ ವಯಸ್ಸಿನವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಲೋ ನಾಸಿಂಗಾ ಬಾವಲಿ, ನಿಂಗೆ ಕಣ್ಣು ಹೋಯ್ತೇನೋ? ವೈಲಾಮೀಲಿ ನಮ್ಮಪ್ಪ ಒಬ್ನೇ ಇದ್ನೇನೋ?" ಎಂದಳು. "ಹೊತ್ಕೊಂಡು ಹೋಗು. ಎಣ್ಣೆ ಹಾಕಿ, ಒರೆಸಿ ಇಡು. ಸೋಮವಾರ ಬೆಳಿಗ್ಗೆ ಬರ್ತೀನಿ, ಮಕ್ಕಳಿಗೆ ಶಾಲೆ ಇದೆ."

ಪೆನಿಯಾಸಿ ಮೂಗು ಒರೆಸಿಕೊಂಡು ದೋಣಿ ಹತ್ತಿದ. ಸೋಮವಾರ ಅವಳು ಹೋದಳು.